ಫಾರ್ವರ್ಡ್ ಫೋಟೋ ಪರೀಕ್ಷೆ: ಲೆನ್ಸ್, ಟಿನ್‌ಐ, ಚಾಟ್‌ಬಾಟ್, ಪಕ್ಕದ ಓದು

ಫೋಟೋ ಮುಂದಕ್ಕೆ ಕಳಿಸುವ ಮೊದಲು ನಿಜವಾ ಅಂತ ನೋಡಿ ಎಂದು ಎಲ್ಲರೂ ಹೇಳುತ್ತಾರೆ. ಹೇಗೆ ನೋಡಬೇಕು ಅಂತ ಹೇಳುವವರು ಕಡಿಮೆ. ನಾನು ಬಳಸುತ್ತಾ ಬಂದಿರುವ ನಾಲ್ಕು ದಾರಿಗಳನ್ನು ಇಲ್ಲಿ ಪಕ್ಕಪಕ್ಕ ಇಡುತ್ತೇನೆ.

ಉದಾಹರಣೆಗೆ ಒಂದು ಹಳೇ ಫೋಟೋ ತೆಗೆದುಕೊಳ್ಳೋಣ. ನೀರು ತುಂಬಿದ ಹೆದ್ದಾರಿ, ಕಾರಿನ ಪಕ್ಕದಲ್ಲೇ ಈಜುವ ಶಾರ್ಕ್. 2011ರಲ್ಲಿ ಐರೀನ್ ಚಂಡಮಾರುತ ಬಂದಾಗ ಇದು ಪೋರ್ಟೊ ರಿಕೊದ್ದು ಅಂತ ಹರಡಿತು. 2017ರಲ್ಲಿ ಹಾರ್ವೆ ಬಂದಾಗ ಅದೇ ಶಾರ್ಕ್ ಹ್ಯೂಸ್ಟನ್‌ದಾಯಿತು!

ಫೋಟೋ ಕೊಟ್ಟರೆ ಅದನ್ನು ಇಂಟರ್ನೆಟ್ಟಿನಲ್ಲಿ ಹುಡುಕುವ ಗೂಗಲ್ ಲೆನ್ಸ್ ಸುಲಭ. ಮೊಬೈಲ್‌ನಲ್ಲೇ ಆಗುತ್ತದೆ, ಮಸುಕಾದ ಸ್ಕ್ರೀನ್‌ಶಾಟ್‌ಗೂ ಏನಾದರೂ ಹುಡುಕಿ ಕೊಡುತ್ತದೆ. ಕಟ್ಟಡ, ಬೋರ್ಡು, ಜಾಗ ಗುರುತು ಹಿಡಿಯಲು ಇದೇ ಮೇಲು. ಆದರೆ ಅದೇ ಚಿತ್ರದ ಜೊತೆಗೆ ಅದರಂತೆ ಕಾಣುವ ಚಿತ್ರಗಳನ್ನೂ ಬೆರೆಸಿ ತೋರಿಸುತ್ತದೆ. ಅವಸರದಲ್ಲಿದ್ದರೆ ಬೇರೆ ಪ್ರವಾಹದ ಫೋಟೋವನ್ನೇ ಇದು ಅಂದುಕೊಳ್ಳುವ ಅಪಾಯ ಇದೆ. ಹುಡುಕುವ ಮೊದಲು ಫೋಟೋ ಮೇಲಿನ ಬರಹವನ್ನು ಕ್ರಾಪ್ ಮಾಡಿ ತೆಗೆಯಿರಿ, ಫಲಿತಾಂಶ ಚೆನ್ನಾಗಿ ಬರುತ್ತದೆ.

ಟಿನ್‌ಐ ಕೂಡ ಫೋಟೋ ಕೊಟ್ಟು ಹುಡುಕುವ ವೆಬ್‌ಸೈಟ್, 2008ರಿಂದ ಇದೆ. ಇಂದು ತೆಗೆದ ಫೋಟೋ ಹಾಕಿದರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಆದರೆ ಹಳೇ ಫೋಟೋಗೆ ಹೊಸ ಕತೆ ಅಂಟಿಸಿದ್ದಾರೆ ಅನ್ನಿಸಿದರೆ ನಾನು ಮೊದಲು ತೆರೆಯುವುದು ಇದನ್ನೇ. ಕಾರಣ ಒಂದೇ: ಫಲಿತಾಂಶಗಳನ್ನು ಹಳೆಯದು ಮೊದಲು ಬರುವಂತೆ ಜೋಡಿಸಬಹುದು. ನಿನ್ನೆಯ ಚಂಡಮಾರುತದ ಫೋಟೋ ಆರು ವರ್ಷದ ಹಿಂದೆಯೇ ಎಲ್ಲೋ ಇತ್ತು ಅಂದರೆ ಮಾತು ಮುಗಿಯಿತು, ಅಲ್ವಾ? ಅಲ್ಲಿ ಕಾಣುವ ದಿನಾಂಕ ಟಿನ್‌ಐ ಆ ಚಿತ್ರವನ್ನು ಮೊದಲು ಕಂಡ ದಿನ, ಫೋಟೋ ತೆಗೆದ ದಿನ ಅಲ್ಲ. ಇದು ನೆನಪಿರಲಿ. ಹೀಗೆ ಹಳೇ ಪುಟಗಳನ್ನು ಹಿಂಬಾಲಿಸುತ್ತಾ ಹೋದರೆ ಶಾರ್ಕ್‌ನ ಮೂಲವೂ ಸಿಗುತ್ತದೆ. ಅದು 2003ರಲ್ಲಿ ದಕ್ಷಿಣ ಆಫ್ರಿಕಾದ ಸಮುದ್ರದಲ್ಲಿ ತೆಗೆದ ಫೋಟೋ; ಅದರಲ್ಲಿದ್ದ ಶಾರ್ಕನ್ನು ಕತ್ತರಿಸಿ ಹೆದ್ದಾರಿಯ ಚಿತ್ರಕ್ಕೆ ಅಂಟಿಸಿದ್ದರು. ಶಾರ್ಕ್ ಬೆನ್ನಟ್ಟಿದ್ದು ಕಾರನ್ನಲ್ಲ, ಕಯಾಕ್ ದೋಣಿಯಲ್ಲಿದ್ದ ಒಬ್ಬ ಮನುಷ್ಯನನ್ನು.

ಎಐ ಚಾಟ್‌ಬಾಟ್ ನನಗೆ ಈ ಕೆಲಸಕ್ಕೆ ಹಿಡಿಸಲಿಲ್ಲ. "ಇದು ನಕಲಿ ಅಲ್ವಾ?" ಅಂದರೆ ಹೌದು ಅನ್ನುವ ಕಡೆ ವಾಲುತ್ತದೆ, "ಇದು ನಿಜ ಅಲ್ವಾ?" ಅಂದರೂ ಅಷ್ಟೇ. ಫೋಟೋದಲ್ಲಿರುವ ಬೇರೆ ಭಾಷೆಯ ಬೋರ್ಡು ಓದಿಸಿಕೊಳ್ಳಲು ಮಾತ್ರ ಬಳಸುತ್ತೇನೆ.

ಕೊನೆಯದು ಪಕ್ಕದ ಓದು. ಇದಕ್ಕೆ ಯಾವ ಆ್ಯಪ್ ಕೂಡ ಬೇಡ. ಬಂದ ಪುಟವನ್ನು ಅಲ್ಲೇ ಬಿಟ್ಟು, ಹೊಸ ಟ್ಯಾಬ್ ತೆರೆದು, ಆ ಪುಟದವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ನೋಡುವುದು. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಈ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. 10 ಇತಿಹಾಸಕಾರರು, 10 ಫ್ಯಾಕ್ಟ್‌ಚೆಕರ್‌ಗಳು (ಸುದ್ದಿ ನಿಜವೇ ಅಂತ ಪರೀಕ್ಷಿಸುವವರು), 25 ವಿದ್ಯಾರ್ಥಿಗಳಿಗೆ ಕೆಲವು ವೆಬ್‌ಸೈಟ್ ತೋರಿಸಿ, ಎಷ್ಟು ನಂಬಬಹುದು ಅಂತ ಕೇಳಿದರು. ಅದರಲ್ಲಿ ಹೆಚ್ಚುಕಡಿಮೆ ಒಂದೇ ಥರದ ಹೆಸರಿನ ಎರಡು ಮಕ್ಕಳ ವೈದ್ಯರ ಸಂಘಗಳಿದ್ದವು. ಒಂದು 1930ರಲ್ಲಿ ಹುಟ್ಟಿದ ದೊಡ್ಡ ಸಂಸ್ಥೆ, ಇನ್ನೊಂದು 2002ರಲ್ಲಿ ಅದರಿಂದ ಒಡೆದು ಹೋದ ಪುಟ್ಟ ಗುಂಪು. ಪುಟದ ಚಂದ, ಲೋಗೋ ನೋಡುತ್ತಾ ಕೂತ ವಿದ್ವಾಂಸರಲ್ಲೂ ಹಲವರು ಮೋಸ ಹೋದರು. ಬೇಗ ಪುಟ ಬಿಟ್ಟು ಹೊರಗೆ ಹೋದ ಫ್ಯಾಕ್ಟ್‌ಚೆಕರ್‌ಗಳು ಸರಿಯಾಗಿ ಹಿಡಿದರು.

ನನ್ನ ಮಟ್ಟಿಗೆ ಇದಕ್ಕೇ ಮೊದಲ ಸ್ಥಾನ. ಯಾಕೆಂದರೆ 2022ರಲ್ಲಿ ಇಯಾನ್ ಚಂಡಮಾರುತದ ಹೊತ್ತಿಗೆ ಫ್ಲಾರಿಡಾದ ಫೋರ್ಟ್ ಮೈಯರ್ಸ್‌ನಿಂದ ಇನ್ನೊಂದು ಶಾರ್ಕ್ ವಿಡಿಯೊ ಬಂತು. ನೀರು ತುಂಬಿದ ಹಿತ್ತಲಲ್ಲಿ ರೆಕ್ಕೆ ಮೇಲೆತ್ತಿ ಒದ್ದಾಡುವ ದೊಡ್ಡ ಮೀನು. ಹಳೇ ನಕಲಿ ನೋಡಿದ್ದವರು ಇದೂ ಸುಳ್ಳು ಅಂದುಬಿಟ್ಟರು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯವರು ವಿಚಾರಿಸಿ ನೋಡಿದರೆ ವಿಡಿಯೊ ಅಸಲಿ! ಆಗಷ್ಟೇ ತೆಗೆದ ವಿಡಿಯೊ ಆದ್ದರಿಂದ ಅದರ ಹಳೇ ಪ್ರತಿ ಯಾವ ಟೂಲ್‌ನಲ್ಲೂ ಸಿಗುವಂತಿರಲಿಲ್ಲ. ಸಿಗಲಿಲ್ಲ ಅಂದ ಮಾತ್ರಕ್ಕೆ ಅದು ನಿಜ ಅಂತಲೂ ಅಲ್ಲ, ಸುಳ್ಳು ಅಂತಲೂ ಅಲ್ಲ.

ಈಗ ನನ್ನ ಕ್ರಮ ಹೀಗೆ: ಮೊದಲು ಪಕ್ಕದ ಓದು, ಆಮೇಲೆ ದಿನಾಂಕಕ್ಕೆ ಟಿನ್‌ಐ, ಜಾಗಕ್ಕೆ ಲೆನ್ಸ್. ವಿಡಿಯೊ ಆದರೆ ಮೂರು ನಾಲ್ಕು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು, ಒಂದೊಂದನ್ನೂ ಹುಡುಕುತ್ತೇನೆ.