ಅಮೆರಿಕದ ಇಥಿಯೋಪಿಯನ್ ಮಕ್ಕಳಿಗೆ ಅಮ್ಹಾರಿಕ್: ವಾರಾಂತ್ಯದ ತರಗತಿಯೋ, ಆನ್‌ಲೈನ್ ಪಾಠವೋ, ಮನೆಮಾತೋ?

ವಾಷಿಂಗ್ಟನ್ ಪಕ್ಕದ ಸಿಲ್ವರ್ ಸ್ಪ್ರಿಂಗ್, ಅಲೆಕ್ಸಾಂಡ್ರಿಯಾ ಕಡೆ ನೆಲೆಸಿರುವ ಇಥಿಯೋಪಿಯನ್ ಮನೆಗಳವರಿಗೆ, ತಮ್ಮ ನಾಡಿನ ಭಾಷೆ ಅಮ್ಹಾರಿಕನ್ನು ಮಕ್ಕಳಿಗೆ ಕಲಿಸಲು, ಮುಂದಿರುವುದು ಮೂರು ದಾರಿ: ಚರ್ಚಿನ ವಾರಾಂತ್ಯದ ತರಗತಿ, ಅಡಿಸ್ ಅಬಾಬಾದಲ್ಲಿರುವ ಮೇಷ್ಟ್ರ ಆನ್‌ಲೈನ್ ಪಾಠ, ಮನೆಯೊಳಗೆ ಅಮ್ಹಾರಿಕ್ ಬಿಟ್ಟು ಬೇರೆ ಮಾತಿಲ್ಲ ಎನ್ನುವ ಹಟ. ಮೂರನ್ನೂ ನಡೆಸಿ ನೋಡಿದರೆ, ಒಂದು ಮಾಡುವ ಕೆಲಸ ಇನ್ನೊಂದರ ಕೈಯಲ್ಲಾಗದು.

ತರಗತಿ ಗಟ್ಟಿಯಾಗಿ ಕೊಡುವುದು ಲಿಪಿಯನ್ನು. ಅದರ ಹೆಸರು ಫಿದೆಲ್. ನಮ್ಮ ಕಾಗುಣಿತ ಬಲ್ಲವರಿಗೆ ಅದರ ಜೋಡಣೆ ತಟ್ಟನೆ ಹೊಳೆಯುತ್ತದೆ: 33 ಮೂಲಾಕ್ಷರ, ಒಂದೊಂದಕ್ಕೂ 7 ರೂಪ, ಒಟ್ಟು 231. ಗೋಡೆಯ ಪಟ ನೋಡುತ್ತ ಮಕ್ಕಳು ‘ಲೆ, ಲು, ಲಿ, ಲಾ, ಲೇ, ಲ್, ಲೊ’ ಎಂದು ರಾಗವಾಗಿ ಒಪ್ಪಿಸುತ್ತಾರೆ. ಎಡವಟ್ಟಾಗುವುದೂ ಇಲ್ಲೇ. ಬಾಯಿಪಾಠವಾದ ಸಾಲಿನ ನಡುವಿನ ಒಂದಕ್ಷರ ತೋರಿಸಿ, ಮಗು ‘ಲೆ’ಯಿಂದ ಎಣಿಸಿಕೊಂಡೇ ಬರುತ್ತದೆ. ವಾರಕ್ಕೆ ಎರಡೇ ಸಾಲು ಹಿಡಿದು, ಚೀಟಿಗಳಲ್ಲಿ ಬರೆದು ಕಲಸಿ ಓದಿಸಬೇಕು. ನಾಲ್ಕು ತಿಂಗಳ ಆಸುಪಾಸಿಗೆ ಪಟ ಮುಗಿಯುತ್ತದೆ.

ಆದರೆ ಫಿದೆಲ್‌ನಲ್ಲಿ ಒತ್ತಕ್ಷರವಿಲ್ಲ. ‘ಅಲೆ’ ಅಂದರೆ ಹೇಳಿದ, ‘ಅಲ್ಲೆ’ ಅಂದರೆ ಇದ್ದಾನೆ. ಬರೆಯುವುದು ಮಾತ್ರ ಒಂದೇ ಥರ. ಮಾತು ಕಿವಿಗೆ ಬೀಳದ ಮಗುವಿಗೆ ಅಕ್ಷರ ಕೂಡಿಸಲು ಬಂದೀತು, ಓದಲು ಬಾರದು. ಮಾತಿಗಿಂತ ಮುಂಚೆ ಲಿಪಿ ಹಿಡಿಸುವುದು ಅದಕ್ಕೇ ದಂಡ. (ಇಥಿಯೋಪಿಯಾದವರೇ ಆದ ಒರೊಮೊ ಜನರ ಮನೆಗಳಿಗೆ ಈ ತರಗತಿಯೇ ಬೇಡ: ಅವರ ಭಾಷೆ ಬೇರೆ, ಬರೆಯುವುದೂ ಲ್ಯಾಟಿನ್ ಲಿಪಿಯಲ್ಲಿ.)

ಆನ್‌ಲೈನ್ ಪಾಠದಲ್ಲಿ ಮಗು ತಪ್ಪಿಸಿಕೊಳ್ಳುವ ಹಾಗಿಲ್ಲ, ಅರ್ಧ ಗಂಟೆಯೂ ಬಾಯಿ ಬಿಡಲೇಬೇಕು. ಕೆಡುವುದು ಹೊತ್ತಿನ ಲೆಕ್ಕದಲ್ಲಿ. ಬೇಸಿಗೆಯಲ್ಲಿ ವಾಷಿಂಗ್ಟನ್ನಿನ ಬೆಳಗ್ಗೆ 9 ಅಂದರೆ ಅಡಿಸ್‌ನಲ್ಲಿ ಸಂಜೆ 4. ಆದರೆ ಅಲ್ಲಿನವರು ಹಗಲಿನ ಗಂಟೆಯನ್ನು ಬೆಳಗಿನ 6ರಿಂದ ಎಣಿಸುವುದರಿಂದ ಮೇಷ್ಟ್ರ ಬಾಯಲ್ಲಿ ಅದು ‘ಹತ್ತು’. ಇಲ್ಲಿನ ಹತ್ತಕ್ಕೆ ಕೂತವರಿಗೆ ಪಾಠ ಮುಗಿದಿರುತ್ತದೆ. ಚಳಿಗಾಲದಲ್ಲಿ ಅಂತರ 7 ಗಂಟೆಯಿಂದ 8ಕ್ಕೆ ಜಿಗಿಯುತ್ತದೆ, ಮತ್ತೆ ಕೇಳಿಕೊಳ್ಳಿ.

ಒಂದನ್ನೇ ಆರಿಸಬೇಕಾದರೆ ಮನೆಮಾತೇ ಸರಿ. ತಂದೆತಾಯಿಗೇ ಭಾಷೆ ತೊದಲುವ ಮನೆಗಾದರೆ ಆನ್‌ಲೈನ್. ಮನೆಮಾತಿಗೂ ಒಂದು ಕುರುಡು ಮೂಲೆ ಇದೆ. ಅಮ್ಹಾರಿಕ್‌ನಲ್ಲಿ ‘ನೀನು’ ಎನ್ನಲು ಗಂಡಿಗೆ ‘ಅಂತೆ’, ಹೆಣ್ಣಿಗೆ ‘ಅಂಚಿ’, ಹಿರಿಯರಿಗೆ ‘ಇರ್ಸ್ವೊ’. ಒಬ್ಬಳೇ ಮಗಳಿರುವ ಮನೆಯಲ್ಲಿ ಅವಳ ಕಿವಿಗೆ ಬೀಳುವುದೆಲ್ಲ ‘ದೆಹ್ನಾ ನೆಶ್?’ (ಹೆಣ್ಣಿಗೆ ಕೇಳುವ ‘ಚೆನ್ನಾಗಿದ್ದೀಯಾ?’). ಹುಡುಗಿ ಫೋನಿನಲ್ಲಿ ತಾತನಿಗೂ ಅದನ್ನೇ ಅನ್ನುತ್ತಾಳೆ, ಅನ್ನಬೇಕಾದ್ದು ‘ದೆಹ್ನಾ ನೆವೊಟ್?’. ಬರೀ ತಿದ್ದಿದರೆ ಮಗು ಮಾತೇ ನಿಲ್ಲಿಸುತ್ತದೆ.

ಇದಕ್ಕೆ ಮದ್ದು ಕಾಫಿ. ಜೆಬೆನಾ ಎಂಬ ಮಣ್ಣಿನ ಹೂಜಿಯಿಂದ ಅಬೊಲ್, ತೊನಾ, ಬರಕಾ ಎಂದು ಮೂರು ಸುತ್ತು ಬಗ್ಗಿಸುವಾಗ ನೆಂಟರಿಷ್ಟರನ್ನು ಕರೆಯಿರಿ, ಪಾಪ್‌ಕಾರ್ನ್ ಬುಟ್ಟಿಯನ್ನು ಮಗುವಿನ ಕೈಗೆ ಕೊಡಿ. ಎಂಟು ಜನ ಕೂತಿದ್ದರೆ ಬುಟ್ಟಿ ನೀಡುತ್ತ ಕ್ಷೇಮ ಕೇಳುವಾಗ ಎಂಟು ಸಲ ಮುಖ ನೋಡಿ ಗಂಡಿಗೆ ‘ನೆಹ್’, ಹೆಣ್ಣಿಗೆ ‘ನೆಶ್’, ಹಿರಿಯರಿಗೆ ‘ನೆವೊಟ್’ ಆರಿಸಬೇಕು. ಇನ್ನೂ ಎರಡು ಸುತ್ತು ಬಾಕಿ ಇರುತ್ತದೆ.