ಬಿಲ್ಲು ಪೂರ್ತಿ, ಮೇಲ್ ಅರ್ಧ: ಒಂದು ಬಿಲ್ಲಿಂಗ್ ಸಾಫ್ಟ್‌ವೇರಿನ ವಿಮರ್ಶೆ

ಕಲಬುರಗಿಯ ನೆಹರೂ ಗಂಜ್‌ನಲ್ಲಿ ತೊಗರಿಬೇಳೆಯ ಸಗಟು ಅಂಗಡಿಯೊಂದರ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ಸಣ್ಣ ವ್ಯಾಪಾರಿಗಳಿಗೆಂದೇ ಮಾರುವ ಒಂದು ಬಿಲ್ಲಿಂಗ್ ಸಾಫ್ಟ್‌ವೇರನ್ನು ಒಂದೂವರೆ ವರ್ಷದಿಂದ ಬಳಸುತ್ತಿದ್ದೇವೆ. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ದಾಸ್ತಾನು, ಅಡತಿ, ಹಮಾಲಿ, ಜಿಎಸ್‌ಟಿ ವರದಿ ಇವುಗಳಲ್ಲಿ ದೂರುವಂಥದ್ದೇನೂ ಇಲ್ಲ. ನನ್ನ ತಕರಾರೆಲ್ಲ ಬಿಲ್ಲನ್ನು ಪಿಡಿಎಫ್ ಮಾಡಿ ನೇರವಾಗಿ ಗ್ರಾಹಕರಿಗೆ ಮೇಲ್ ಮಾಡುವ ಸೌಲಭ್ಯದ ಮೇಲೆ.

ಹೊಸ ತೊಗರಿ ಮಾರುಕಟ್ಟೆಗೆ ಬರುವ ಜನವರಿಯಲ್ಲಿ, ಸೊಲ್ಲಾಪುರದ ಗ್ರಾಹಕರೊಬ್ಬರು ಫೋನ್ ಮಾಡಿ ‘ಬಿಲ್ ಓಪನ್ ಆಗವಲ್ದು’ ಎಂದರು. ಮರುದಿನ ಹೈದರಾಬಾದಿನಿಂದಲೂ ಅದೇ ಮಾತು ಬಂತು. ನಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ತೆರೆಯುತ್ತಿದ್ದ ಬಿಲ್ಲುಗಳೇ ಅವರಲ್ಲಿಗೆ ತಲುಪುವಷ್ಟರಲ್ಲಿ ಕೆಟ್ಟಿರುತ್ತಿದ್ದವು. ವಿಚಿತ್ರವೆಂದರೆ ಚಿಕ್ಕ ಬಿಲ್ಲುಗಳು ಹೀಗೆ ಕೆಡುತ್ತಿರಲಿಲ್ಲ. ಅಂಗಡಿಯ ಲಾಂಛನ ಮತ್ತು ತೂಕದ ಚೀಟಿಯ ಚಿತ್ರ ಸೇರಿದ ದೊಡ್ಡ ಬಿಲ್ಲುಗಳಷ್ಟೇ ಹಾಳಾಗುತ್ತಿದ್ದವು.

ಸಹಾಯವಾಣಿಯವರು ಮೂರು ಸಲವೂ ‘ನಿಮ್ಮ ಇಂಟರ್‌ನೆಟ್ ನಿಧಾನವಿದೆ’ ಎಂಬ ಒಂದೇ ಉತ್ತರ ಕೊಟ್ಟರು. ನಮ್ಮ ಊರಿನ ಕರೆಂಟು, ಇಂಟರ್‌ನೆಟ್ಟುಗಳ ಬಗ್ಗೆ ನನಗೂ ದೊಡ್ಡ ಅಭಿಮಾನವಿಲ್ಲ, ಆದರೆ ಈ ಆರೋಪ ನಿಲ್ಲುವಂಥದ್ದಲ್ಲ. ಮೇಲ್ ಕಳುಹಿಸುವ ಎಸ್‌ಎಂಟಿಪಿ ವಿಧಾನದಲ್ಲಿ, ಪತ್ರ ಮುಗಿಯಿತೆಂದು ತಿಳಿಸುವ, ಒಂದು ಚುಕ್ಕೆ ಮಾತ್ರ ಇರುವ ಕೊನೆಯ ಸಾಲು ಬರುವವರೆಗೆ ಸರ್ವರ್ ಆ ಪತ್ರವನ್ನು ಸ್ವೀಕರಿಸುವುದಿಲ್ಲ. ನಡುವೆ ಸಂಪರ್ಕ ಕಡಿದರೆ ಪತ್ರ ಹೋಗುವುದೇ ಇಲ್ಲವೇ ಹೊರತು ಅರ್ಧ ಹೋಗುವುದಿಲ್ಲ.

ಆದ್ದರಿಂದ ಕೆಟ್ಟ ಬಿಲ್ಲುಗಳನ್ನು ಗ್ರಾಹಕರಿಂದಲೇ ತರಿಸಿಕೊಂಡು ನೋಡಿದೆ. ಪಿಡಿಎಫ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲ ಸಾಲಿನಲ್ಲಿ ಪಿಡಿಎಫ್ ಎಂಬ ಅಕ್ಷರಗಳೂ ತೀರಾ ಕೊನೆಯಲ್ಲಿ, ಕಡತ ಇಲ್ಲಿಗೆ ಮುಗಿಯಿತೆಂದು ಸೂಚಿಸುವ ಇಒಎಫ್ ಎಂಬ ಅಕ್ಷರಗಳೂ ಇರಬೇಕು. ಇವುಗಳಲ್ಲಿ ಮೊದಲನೆಯದಿತ್ತು, ಕೊನೆಯದಿರಲಿಲ್ಲ. ಅಂದರೆ ಕಡತ ಕಲಸಿಹೋಗಿರಲಿಲ್ಲ, ಬಾಲ ಕತ್ತರಿಸಿತ್ತು. ಗಾತ್ರ ನೋಡಿದಾಗ ಉಳಿದ ಗುಟ್ಟೂ ಬಯಲಾಯಿತು: ಮೂಲ ಬಿಲ್ಲುಗಳು ಒಂದೊಂದು ಅಳತೆಯವಾಗಿದ್ದರೂ ತಲುಪಿದ ಪ್ರತಿಯೊಂದೂ ಕರಾರುವಾಕ್ಕಾಗಿ 65,536 ಬೈಟುಗಳಷ್ಟಿತ್ತು, ಅಂದರೆ 64 ಕೆಬಿ. ಇಂಟರ್‌ನೆಟ್ ಕೈಕೊಟ್ಟರೆ ಪ್ರತಿ ಸಲ ಅದೇ ಬೈಟಿನಲ್ಲಿ ಕೈಕೊಡುವುದಿಲ್ಲ. ಸಾಫ್ಟ್‌ವೇರು ಕಡತದ ಮೊದಲ 64 ಕೆಬಿಯ ಕಂತನ್ನು ಮಾತ್ರ ಓದಿ, ಅದನ್ನೇ ಪೂರ್ತಿಯೆಂದು ಲಗತ್ತಿಸುತ್ತಿತ್ತು.

ಈ ಅಂಕಿಯನ್ನು ಬರೆದು ಕಳುಹಿಸಿದ ಮೇಲೆ ಸಹಾಯವಾಣಿಯ ಧಾಟಿ ಬದಲಾಯಿತು, ಮತ್ತು 19 ದಿನಗಳ ನಂತರ ತಿದ್ದಿದ ಆವೃತ್ತಿ ಬಂತು. ಈಗ ದೊಡ್ಡ ಬಿಲ್ಲುಗಳೂ ಪೂರ್ತಿ ಹೋಗುತ್ತಿವೆ. ಆ 19 ದಿನ, ಅದೂ ಹಂಗಾಮಿನಲ್ಲಿ, ಬಿಲ್ಲನ್ನು ಮೊದಲು ಡೆಸ್ಕ್‌ಟಾಪಿನಲ್ಲಿ ಉಳಿಸಿ, ಬ್ರೌಸರಿನಲ್ಲಿ ಮೇಲ್ ತೆರೆದು ಒಂದೊಂದಾಗಿ ಕೈಯಾರೆ ಲಗತ್ತಿಸಿದ್ದನ್ನು ಮಾತ್ರ ಮರೆಯಲಾರೆ.

ಇನ್ನೊಂದು ದೋಷ ಹಾಗೆಯೇ ಉಳಿದಿದೆ. ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ ಸಂಖ್ಯೆ 16 ಅಕ್ಷರಗಳನ್ನು ಮೀರಬಾರದು, ಆದರೆ ಅದರಲ್ಲಿ ಓರೆಗೆರೆಗೆ (/) ಅವಕಾಶವಿದೆ. ವಿಂಡೋಸಿನ ಕಡತದ ಹೆಸರಿನಲ್ಲಿ ಅದೇ ಓರೆಗೆರೆ ನಿಷಿದ್ಧ. ನಮ್ಮ ಬಿಲ್ ಸಂಖ್ಯೆಯನ್ನೇ ಕಡತದ ಹೆಸರಾಗಿಸುವ ಈ ಸಾಫ್ಟ್‌ವೇರು ಓರೆಗೆರೆಯಲ್ಲಿ ಹೆಸರನ್ನು ಕತ್ತರಿಸುವುದರಿಂದ ಕೊನೆಯ ಪಿಡಿಎಫ್ ಎಂಬ ಗುರುತೂ ಹೋಗುತ್ತದೆ. ಒಳಗಿನ ಬಿಲ್ಲು ಸುರಕ್ಷಿತವಾಗಿದ್ದರೂ ಯಾವುದರಲ್ಲಿ ತೆರೆಯಬೇಕೆಂದು ಗ್ರಾಹಕರ ಕಂಪ್ಯೂಟರಿಗೆ ತಿಳಿಯದು. ಹೆಸರಿನ ಕೊನೆಗೆ ಚುಕ್ಕೆಯಿಟ್ಟು ಪಿಡಿಎಫ್ ಎಂದು ಸೇರಿಸಿದರೆ ತೆರೆಯುತ್ತದೆ ಎಂದು ಪ್ರತಿಯೊಬ್ಬರಿಗೂ ಹೇಳಿ ಸಾಕಾಗಿ, ಏಪ್ರಿಲ್‌ನಲ್ಲಿ ಹೊಸ ಆರ್ಥಿಕ ವರ್ಷದ ಬಿಲ್ಲುಗಳಿಗೆ ಓರೆಗೆರೆಯ ಬದಲು ಅಡ್ಡಗೆರೆ (-) ಹಾಕಿಕೊಂಡೆ.

ಲೆಕ್ಕಕ್ಕೆ ಐದರಲ್ಲಿ ನಾಲ್ಕು, ಮೇಲ್ ಸೌಲಭ್ಯಕ್ಕೆ ಎರಡು ಅಂಕ ಕೊಡುತ್ತೇನೆ. ಕೊಳ್ಳುವ ಮುನ್ನ ಪರೀಕ್ಷಾವಧಿಯಲ್ಲಿಯೇ, ಚಿತ್ರಗಳಿರುವ ನಾಲ್ಕು ಪುಟಗಳ ಒಂದು ಬಿಲ್ಲನ್ನು ನಿಮ್ಮದೇ ಇನ್ನೊಂದು ವಿಳಾಸಕ್ಕೆ ಕಳುಹಿಸಿ, ಇಳಿಸಿಕೊಂಡು, ಎರಡೂ ಕಡತಗಳ ಗಾತ್ರವನ್ನು ಬೈಟುಗಳಲ್ಲಿ ಹೋಲಿಸಿ ನೋಡಿ. ನಾನು ಈಗಲೂ ಪ್ರತಿ ಸೋಮವಾರ ಬೆಳಿಗ್ಗೆ ಮೊದಲ ಲಾರಿ ಬರುವುದರೊಳಗೆ ಹಾಗೆ ಮಾಡುತ್ತೇನೆ.