ಕೆರೆ ಶಾಸನಗಳ ಸಂಶೋಧನೆಗೆ ಮೂರು ಬಗೆಯ ಎಐ: ಬಳಸಿ ನೋಡಿದ ಹೋಲಿಕೆ

ಕೋಲಾರ ಭಾಗದ ಕೆರೆಗಳ ನಿರ್ವಹಣೆಯ ಚರಿತ್ರೆಯನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಬಂಧವೊಂದನ್ನು ಸಿದ್ಧಪಡಿಸುವಾಗ ಮೂರು ಬಗೆಯ ಎಐ ಸಾಧನಗಳನ್ನು ಬಳಸಿ ನೋಡಿದೆ: ಎಲ್ಲರ ಕೈಗೂ ಸಿಗುವ ಸಾಮಾನ್ಯ ಚಾಟ್‌ಬಾಟ್, ನಾವು ಕೊಟ್ಟ ಕಡತಗಳನ್ನು ಆಧರಿಸಿಯೇ ಉತ್ತರಿಸುವ ಸಾಧನ, ಮತ್ತು ಅಂತರ್ಜಾಲದ ಹಂಗಿಲ್ಲದೆ ಸ್ವಂತ ಲ್ಯಾಪ್‌ಟಾಪಿನಲ್ಲೇ ನಡೆಯುವ ಮುಕ್ತ ಮಾದರಿ (ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದಾದ ಎಐ). ಯಾವುದು ಹೆಚ್ಚು ಜಾಣ ಎಂಬುದಕ್ಕಿಂತ, ಅದು ಹೇಳಿದ್ದನ್ನು ಮೂಲದವರೆಗೆ ಹೋಗಿ ಪರಿಶೀಲಿಸಬಹುದೇ ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೆ. ಪ್ರಕಟವಾದ ಮೇಲೆ ಉತ್ತರ ಹೇಳಬೇಕಾದವರು ಲೇಖಕರೇ. ಪ್ರಕಟಣೆಯ ನೀತಿ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಮಿತಿ ಕೋಪ್, ಎಐ ಸಾಧನವನ್ನು ಲೇಖಕರ ಪಟ್ಟಿಗೆ ಸೇರಿಸಲಾಗದು ಎಂದು 2023ರಲ್ಲಿ ಹೇಳಿದ್ದೂ ಇದೇ ಕಾರಣಕ್ಕೆ.

ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಬಿಟ್ಟುಕೊಟ್ಟ ಕಟ್ಟುಕೊಡಗೆ ಭೂಮಿಯನ್ನು ಉಲ್ಲೇಖಿಸುವ ಶಾಸನಗಳನ್ನು ಹುಡುಕಿಕೊಡುವಂತೆ ಚಾಟ್‌ಬಾಟನ್ನು ಕೇಳಿದಾಗ, ಅದು ತಾಲ್ಲೂಕು, ಶಾಸನದ ಸಂಖ್ಯೆ, ಇಸವಿ ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿ ನಾಡಿನ ಶಾಸನಗಳನ್ನು ಸಂಗ್ರಹಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸರಣಿಯ 9ನೆಯ ಸಂಪುಟದಿಂದ ಒಂದು ಶಾಸನವನ್ನು ಮುಂದಿಟ್ಟಿತು. ಬಿ.ಎಲ್. ರೈಸ್ ಸಂಪಾದಿಸಿದ ಆ ಸರಣಿಯಲ್ಲಿ 9ನೆಯದು ಬೆಂಗಳೂರು ಜಿಲ್ಲೆಯದು. ಕೋಲಾರದ ಶಾಸನಗಳಿರುವುದು 10ರಲ್ಲಿ. ಅಲ್ಲಿ ಅದೇ ಸಂಖ್ಯೆಯನ್ನು ತೆಗೆದು ನೋಡಿದರೆ ಕೆರೆಯ ಸುದ್ದಿಯೇ ಇರಲಿಲ್ಲ. ತಪ್ಪನ್ನು ತೋರಿಸಿದ ಕೂಡಲೇ ಕ್ಷಮೆ ಕೇಳಿ, ಅಷ್ಟೇ ಧೈರ್ಯದಿಂದ ಇನ್ನೊಂದು ಸಂಖ್ಯೆಯನ್ನು ಕೊಟ್ಟಿತು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ವಿಂಗಡಣೆಯೇ ಬೇರೆಯಾಗಿರುವುದರಿಂದ, ಯಾವ ಆವೃತ್ತಿಯೆಂದು ಹೇಳದ ಉಲ್ಲೇಖ ಸರಿಯಾಗಿದ್ದರೂ ಓದುಗನನ್ನು ಅಲೆಸುತ್ತದೆ. ಭಾಷೆ ತಿದ್ದುವುದರಲ್ಲಿ ಮಾತ್ರ ಚಾಟ್‌ಬಾಟಿಗೆ ಉಳಿದೆರಡೂ ಸಾಟಿಯಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರಿಗೆ ಅದು ಸಣ್ಣ ಸಹಾಯವಲ್ಲ. ಆದರೂ ನಾನು ‘ಕೆಲವು ಕೆರೆಗಳಲ್ಲಿ’ ಎಂದು ಬರೆದಿದ್ದನ್ನು ವಾಕ್ಯ ಬಿಗಿಯಾಗಲೆಂದು ‘ಕೆರೆಗಳಲ್ಲಿ’ ಎಂದು ಮಾಡಿತ್ತು. ಇತಿಹಾಸದ ಬರವಣಿಗೆಯಲ್ಲಿ ಅದು ವ್ಯಾಕರಣದ ತಿದ್ದುಪಡಿಯಲ್ಲ, ಬೇರೆಯೇ ವಾದ.

ಎರಡನೆಯ ಬಗೆಯ ಸಾಧನಕ್ಕೆ ಸಂಪುಟದ ಸ್ಕ್ಯಾನ್ ಪ್ರತಿಯನ್ನೇ ಕೊಟ್ಟಾಗ, ಪ್ರತಿ ಉತ್ತರದ ಪಕ್ಕದಲ್ಲೂ ಮೂಲದ ಭಾಗವನ್ನು ತೋರಿಸಿತು. ಸಂಶೋಧಕನಿಗೆ ಬೇಕಾದದ್ದು ಇದೇ. ಹಳೆಯ ಅಚ್ಚಿನ ಒತ್ತಕ್ಷರಗಳು ಅದಕ್ಕೆ ದಕ್ಕದೆ, ಶಾಸನದ ಕನ್ನಡ ಪಾಠವನ್ನು ಬಿಟ್ಟು ರೈಸ್ ಅವರ ಇಂಗ್ಲಿಷ್ ಅನುವಾದಕ್ಕೇ ಜೋತುಬಿದ್ದದ್ದು ಅದರ ದೊಡ್ಡ ಕೊರತೆ. ಅನುವಾದಕರ ವ್ಯಾಖ್ಯಾನವೇ ಶಾಸನದ ಮಾತಾಗಿ ನಮ್ಮ ಪ್ರಬಂಧಕ್ಕೆ ನುಸುಳದಂತೆ ನೋಡಿಕೊಳ್ಳಬೇಕಾದರೆ ಮೂಲಪಾಠವನ್ನು ನಾವೇ ಓದದೆ ವಿಧಿಯಿಲ್ಲ.

ಲ್ಯಾಪ್‌ಟಾಪಿನಲ್ಲೇ ನಡೆಯುವ ಮಾದರಿ ನಿಧಾನ, ಅದರ ಕನ್ನಡವೂ ಬಡಕಲು. ಆದರೆ ಕೆರೆಯ ನೀರನ್ನು ಹೊಲಗಳಿಗೆ ಹಂಚುವ ನೀರುಗಂಟಿಗಳೊಂದಿಗಿನ ಸಂದರ್ಶನಗಳ ಟಿಪ್ಪಣಿಗಳನ್ನು ವಿಂಗಡಿಸಲು ನಾನು ಒಪ್ಪುವುದು ಇದೊಂದನ್ನೇ. ನೀರಿನ ಪಾಳಿಯ ಬಗ್ಗೆ, ಯಾರ ಹೊಲಕ್ಕೆ ಮೊದಲು ತೂಬು ಎತ್ತುತ್ತಿದ್ದರೆಂಬ ಬಗ್ಗೆ, ಊರಿನವರ ಹೆಸರು ಹಿಡಿದು ಅವರು ನಂಬಿಕೆಯಿಂದ ಆಡಿದ ಮಾತುಗಳನ್ನು ಯಾವುದೋ ಕಂಪನಿಯ ಸರ್ವರಿಗೆ ಕಳಿಸುವ ಅಧಿಕಾರ ನನಗಿಲ್ಲ.

ಪ್ರಬಂಧದಲ್ಲಿ ಎಐ ಬಳಕೆಯನ್ನು ಬಹಿರಂಗಪಡಿಸುವ ಹೇಳಿಕೆಯನ್ನು ಬರೆಯಲು ಕುಳಿತಾಗ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಯಿತು. ಎರಡನೆಯ ಮತ್ತು ಮೂರನೆಯ ಸಾಧನಗಳನ್ನು ಯಾವ ಕಡತಕ್ಕೆ, ಯಾವ ಕೆಲಸಕ್ಕೆ ಬಳಸಿದೆನೆಂದು ಎರಡು ಸಾಲಿನಲ್ಲಿ ಹೇಳಬಹುದಿತ್ತು. ಚಾಟ್‌ಬಾಟಿನ ವಿಷಯದಲ್ಲಿ ಭಾಷೆ ತಿದ್ದಿದ್ದನ್ನಷ್ಟೇ ಹಾಗೆ ಹೇಳಲು ಸಾಧ್ಯವಾಗಿದ್ದರಿಂದ, ಅದರ ಬಳಕೆಯನ್ನು ಅಷ್ಟಕ್ಕೇ ನಿಲ್ಲಿಸಿದೆ. ಇದು ಯಂತ್ರ ಬರೆದದ್ದೆಂದು ಯಾರಾದರೂ ಅನುಮಾನಿಸಿದರೆ ತೋರಿಸಲೆಂದು ತಿದ್ದುವ ಮೊದಲಿನ ಕರಡುಗಳನ್ನೂ ಜೋಪಾನವಾಗಿ ಇಟ್ಟಿದ್ದೇನೆ. ಎಐ ಬರಹವನ್ನು ಪತ್ತೆಹಚ್ಚುವ ತಂತ್ರಾಂಶಗಳು ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗೆ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದ್ದನ್ನು ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲೇ ತೋರಿಸಿದ್ದಾರೆ. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಕಂಪನಿ ಅದೇ ವರ್ಷ ತನ್ನದೇ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು ಹಿಂತೆಗೆದುಕೊಂಡಿತು. ಇನ್ನು ವಿಮರ್ಶೆಗೆಂದು ನನಗೆ ಬರುವ ಇತರರ ಅಪ್ರಕಟಿತ ಹಸ್ತಪ್ರತಿಗಳನ್ನು ಈ ಮೂರರಲ್ಲಿ ಯಾವುದಕ್ಕೂ ಕೊಡುವುದಿಲ್ಲ. ಲ್ಯಾಪ್‌ಟಾಪಿನ ಮಾದರಿಯಿಂದ ಗೋಪ್ಯತೆ ಉಳಿಯಬಹುದಾದರೂ, ಸಂಪಾದಕರು ಕೇಳಿರುವುದು ನನ್ನ ಅಭಿಪ್ರಾಯವನ್ನು.